ಬುಡ ಮೇಲೆ ಮಾಡಿ ನಿಲ್ಲಿಸಿದ ಹಾಳೆ

ಗಡಿನಾಡಿನ ಸೀತಾಂಗೋಳಿಯಲ್ಲಿ ನನ್ನ ಮೊದಲ ಬೆಳಿಗ್ಗೆ, ಅಡಿಕೆ ಹಾಳೆತಟ್ಟೆ ಒತ್ತುವ ಶೆಡ್ಡಿನಲ್ಲಿ ಮೂವರಿದ್ದೆವು: ಮನೆಯೊಡತಿ ಗಿರಿಜಕ್ಕ, ಅವರ ಗಂಡ ಐತಪ್ಪಣ್ಣ, ಸಂಶೋಧನೆಗೆಂದು ಗದಗದಿಂದ ಬಂದಿಳಿದ ನಾನು. ಅಕ್ಕ ಗಂಡನನ್ನು ತುಳುವಿನಲ್ಲಿ ಗದರಿ, ಫೋನಿನಲ್ಲಿ ಮಲಯಾಳದಲ್ಲಿ ನಕ್ಕು, ನನ್ನತ್ತ ತಿರುಗಿ, "ಚಾ ಉಂಟು, ಕುಡೀರಿ" ಅಂದರು. ಅಜ್ಜಿಯ ಬಾಯಿಂದ ಕಲಿತ ಒಂದೇ ಆಡುಭಾಷೆ ಹೊತ್ತು ಬಂದ ನನಗೆ ದಿಕ್ಕು ತಪ್ಪಿದಂತಾಯಿತು.

ನಮ್ಮ ಕಡೆ ಊಟಕ್ಕೆ ಮುತ್ತಲ ಎಲೆಯ ಪತ್ರಾವಳಿ. ಇಲ್ಲಿ ಅಡಿಕೆಮರದಿಂದ ಕಳಚಿ ಬೀಳುವ ಹಾಳೆ. ನನ್ನ ಕೆಲಸವೂ ಅದರ ಮೇಲೆಯೇ. ಕಾರ್ಬನ್ ಕ್ವಾಂಟಮ್ ಡಾಟ್ ಎಂಬ ಅತಿಸೂಕ್ಷ್ಮ ಇಂಗಾಲದ ಕಣಗಳ ಶಾಯಿ ಬಳಿದರೆ ಹಾಳೆಯ ತುಂಡು ಗಾಳಿಯ ತೇವ ಅಳೆಯಬೇಕು, ಬಿಸಾಡಿದರೆ ಮಣ್ಣಾಗಬೇಕು. ಆದರೆ ಶಾಯಿ ಒಣಗಿದೊಡನೆ ಬಿರಿಯುತ್ತಿತ್ತು. ಐದು ತಿಂಗಳು ಹಾಗೇ ಕಳೆಯಿತು.

ಶಾಯಿ ಬಳಿಯುವ ಮೊದಲು ನೆನೆಸಿ ಅಂಗಳದಲ್ಲಿ ನಾನು ಹಾಸಿದ್ದ ಹಾಳೆಗಳನ್ನು ನೋಡಿ ಗಿರಿಜಕ್ಕ, "ಎಂತ ಮಾರಾಯ್ತಿ, ನೆನೆಸಿದ ಹಾಳೆಯನ್ನು ಯಾರಾದ್ರೂ ಮಲಗಿಸಿ ಒಣಗಿಸ್ತಾರಾ? ಬುಡ ಮೇಲೆ ಮಾಡಿ ನಿಲ್ಲಿಸು. ನೀರು ನಾರಿನ ದಾರಿಯಲ್ಲೇ ಇಳೀಲಿ" ಅಂದರು.

"ಪಿಎಚ್‌ಡಿಯವರಿಗೆ ನೀನು ಪಾಠ ಹೇಳುದಾ?" ಎಂದರು ಐತಪ್ಪಣ್ಣ.

"ನಿಮಗೆ ಇಪ್ಪತ್ತು ವರ್ಷದಿಂದ ಹೇಳ್ತಾ ಇದ್ದೇನಲ್ಲ, ಅಷ್ಟು ಕಷ್ಟ ಆಗ್ಲಿಕ್ಕಿಲ್ಲ." ಆಮೇಲೆ ನನಗೆ, "ಸರಿಯಾದ್ರೆ ನನ್ನ ಹೆಸರು ಹಾಕ್ಬೇಕು, ಆಯ್ತಾ?"

"ಹಾಕ್ತೀನ್ರಿ ಅಕ್ಕಾ."

ಹಾಗೆ ಒಣಗಿಸಿದ ಹಾಳೆಯ ಮೇಲೆ ಶಾಯಿ ಬಿರಿಯದೆ ನಿಂತಿತು, ಪ್ರಬಂಧ ಅಚ್ಚಾಯಿತು. ಅದರಲ್ಲಿ ಆ ಉಪಾಯವನ್ನು "ನಾವು ರೂಪಿಸಿದ ವಿಧಾನ" ಎಂದು ಬರೆದಿದ್ದೆ. ತಟ್ಟೆ ಮಾಡುವವರಿಂದ ಕಲಿತೆನೆಂದರೆ ನನ್ನ ಓದು ಸಣ್ಣದಾದೀತೆಂಬ ಅಳುಕು. ಕೃತಜ್ಞತೆಯ ಸಾಲಿನಲ್ಲಿದ್ದದ್ದು ಪ್ರಯೋಗಾಲಯದ ಒಂದು ಯಂತ್ರದ ಹೆಸರು.

"ನನ್ನ ಹೆಸರು ಎಲ್ಲುಂಟು?" ನಾನು ತಂದ ಪ್ರತಿ ನೋಡಿ, ಕೈ ಒರೆಸಿಕೊಂಡು ಅಕ್ಕ ಕೇಳಿದರು. ಅವರಿಗೆ ಇಂಗ್ಲಿಷ್ ಓದಲು ಬಾರದು. ಯಂತ್ರದ ಹೆಸರಿನ ಮೇಲೆ ಬೆರಳಿಟ್ಟು, "ಇಲ್ಲಿ ನೋಡ್ರಿ" ಅಂದುಬಿಟ್ಟೆ. ಮರುದಿನವೇ ಆ ಪುಟ ಲ್ಯಾಮಿನೇಟ್ ಆಗಿ ಶೆಡ್ಡಿನ ಗೋಡೆಯೇರಿತು. ಹಾಳೆ ತಂದವರಿಗೆಲ್ಲ ಅಕ್ಕ ಆ ಸಾಲನ್ನೇ ತೋರಿಸುತ್ತಿದ್ದರು.

ರಜೆಗೆ ಗದಗಕ್ಕೆ ಹೋದಾಗ ಅವ್ವ, "ಅಲ್ಲಿ ನಿನಗ ಯಾರ ಅದಾರವಾ?" ಅಂದಳು. ಗಿರಿಜಕ್ಕನ ಹೆಸರು ಬಿಟ್ಟು, ಮಾತನ್ನು ಮಳೆಯತ್ತ ತಿರುಗಿಸಿದೆ. ಅವ್ವನ ಮನೆಯಲ್ಲೂ ನಾನು ನೆಂಟಳಂತೆ ಕೂತಿದ್ದೆ.

ಮರಳಿದ ದಿನವೇ ಅವರಿಬ್ಬರೆದುರು ನಿಜ ಹೇಳಿದೆ. ಐತಪ್ಪಣ್ಣ ತಟ್ಟೆ ಒತ್ತುವ ಯಂತ್ರ ನಿಲ್ಲಿಸಿದರು. ಅಕ್ಕ ಗೋಡೆಯ ಮೇಲಿನ ಪುಟವನ್ನು ಕಳಚಿ ನನ್ನ ಕೈಗಿತ್ತರು.

ಪತ್ರಿಕೆಗೆ ತಿದ್ದುಪಡಿ ಕಳಿಸಿದೆ. ಎರಡು ತಿಂಗಳ ಮೇಲೆ ಅವರ ಹೆಸರು ಸೇರಿ ಬಂತು. ಹೊಸ ಪ್ರತಿಯನ್ನು ಗಿರಿಜಕ್ಕನ ಕೈಗಿತ್ತೆ. ಅವರು ಅದನ್ನು ಮಡಚಿಕೊಂಡು, ಓದಿಸಲು ರಸ್ತೆಯಾಚೆಯ ಟೀಚರ ಮನೆಗೆ ನಡೆದರು.