ಧೂಳಿನ ಮೋಡ ತಂದ ಮಾಸ್ತರರು

ನಮ್ಮೂರ ಕನ್ನಡ ಸಾಲೆಗೆ ಅಕ್ಕಲಕೋಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಆ ಮಾಸ್ತರರು ಮಾತಿಗೊಮ್ಮೆ ಚಷ್ಮಾ ತೆಗೆದು ಒರೆಸುವರು. "ಖರೇ ಇದ್ದದ್ದ ಹೇಳಬೇಕ್ರಿ" ಎನ್ನುವುದು ಅವರ ರೂಢಿ. ನನ್ನ ಕುರಿಗೆ ರೋಗ ಬಂದಾಗ, "ಇದು ಬದುಕಂಗಿಲ್ಲ ಆಯಿ" ಎಂದು ಈ ಮುದುಕಿಯ ಮುಖಕ್ಕೇ ಹೇಳಿದ್ದರು. ಬದುಕಲಿಲ್ಲ.

ನನ್ನ ಸೊಸೆ ಆ ಸಾಲೆಯಲ್ಲಿ ಮಕ್ಕಳಿಗೆ ಖಿಚಡಿ ಮಾಡುತ್ತಿದ್ದಳು. ಆರು ತಿಂಗಳ ಕೂಸನ್ನು ಮಣ್ಣು ಮಾಡಿದ ಮೇಲೆ ತಾನು ಮಾತ್ರ ತುತ್ತು ಮುಟ್ಟುತ್ತಿರಲಿಲ್ಲ. ಒಂದು ದಿನ ಮಾಸ್ತರರು ಸೋಲಾಪುರದ ನವಿ ಪೇಠ ಬಜಾರದಿಂದ ತಂದ ಚಿತ್ರವನ್ನು ಗೋಡೆಗೆ ಹಾಕಿ, ಆಕಾಶದಲ್ಲಿ ಇಂಥ ಧೂಳಿನ ಮೋಡಗಳಿವೆ, ಆ ಧೂಳು ಕೂಡಿಕೊಂಡೇ ಹೊಸ ಚುಕ್ಕೆಗಳು ಹುಟ್ಟುತ್ತವೆ ಎಂದು ಪಾಠ ಮಾಡಿದ್ದು ಒಲೆಯ ಮುಂದಿದ್ದ ಸೊಸೆಗೂ ಕೇಳಿಸಿತು. ಬೀರೋಬನ ಗುಡಿಯಲ್ಲಿ ಅರಿಶಿಣದ ಭಂಡಾರ ತೂರಿದಾಗ ಏಳುವ ಹಳದಿ ಮೋಡದಂತೆಯೇ ಇತ್ತು ಆ ಚಿತ್ರ. ಸೊಸೆ ಯಾರನ್ನೂ ಕೇಳದೆ ಅದನ್ನು ಮನೆಗೆ ತಂದು ದೇವರ ಜಗಲಿಯ ಮೇಲಿಟ್ಟಳು, ಭಂಡಾರ ಹಚ್ಚಿದಳು. ಅಂದು ರೊಟ್ಟಿ ತಿಂದಳು.

ಚಿತ್ರ ಹುಡುಕುತ್ತ ಮಾಸ್ತರರು ಮನೆಗೇ ಬಂದರು.

"ಸರ್, ನನ್ನ ಮಗಳು ಇದರಾಗ ಹುಟ್ಟಾಕತ್ತ್ಯಾಳಲ್ರಿ?" ಎಂದಳು ಸೊಸೆ.

ಅವರು ಚಷ್ಮಾ ಒರೆಸುತ್ತಲೇ ನಿಂತರು. ಚಿತ್ರವನ್ನೂ ಕೇಳದೆ ಹೊರಟರು. ನಾನು ಅಂಗಳದಲ್ಲಿ ತಡೆದೆ.

"ಅದರಾಗ ನಮ್ಮ ಕೂಸು ಐತೇನ್ರಿ, ಮಾಸ್ತರ?"

"ಇಲ್ಲ ಆಯಿ. ಬರೇ ಧೂಳು."

"ಮತ್ತ ಒಳಗ ನಿಮ್ಮ ಬಾಯಿಗಿ ಏನಾಗಿತ್ತು?"

"ನೀವು ಹಿರೇರು. ನೀವ ಹೇಳ್ರಲಾ."

ಅವರಿಗೆ ಬೇರೆ ಊರಿಗೆ ಬದಲಿಯಾಗಿ ವರ್ಷಗಳಾದವು. ದಿನಾ ಭಂಡಾರ ಹತ್ತಿ ಹತ್ತಿ ಆ ಚಿತ್ರದಲ್ಲಿ ಈಗ ಏನೂ ಕಾಣುವುದಿಲ್ಲ. ನಾನಿನ್ನೂ ಹೇಳಿಲ್ಲ.