ಕ್ರಿಸ್‌ಮಸ್ ದಿನದ ಕುರ್ಚಿ

ಹಳೆಯ ಕಸುಬುದಾರರ ಅನುಭವಗಳನ್ನು ದಾಖಲಿಸುವ ನನ್ನ ಕೆಲಸಕ್ಕಾಗಿ ಮೊದಲ ಮಾತುಕತೆಯನ್ನು ಗೊತ್ತುಪಡಿಸಲು ಕಟಿಂಗ್ ಶಾಪಿಗೆ ಫೋನು ಮಾಡಿದಾಗ ಎತ್ತಿಕೊಂಡವರು ಕ್ಷೌರಿಕರ ಮಗಳು. "ಮನೆಗೆ ಬಂದ್ರೆ ಅಪ್ಪ ಬಾಯಿ ಬಿಡಲ್ಲ. ಕುರ್ಚಿ ಮೇಲೆ ಗಿರಾಕಿ ಕೂತಿದ್ರೆ ಮಾತ್ರ ಅವರಿಗೆ ಮಾತು ಬರೋದು. ಬುಧವಾರ ಬನ್ನಿ, ನಿಮ್ಮ ಕೆಲಸಾನೂ ಆಗತ್ತೆ, ತಲೆ ಕೆಲಸಾನೂ ಆಗತ್ತೆ" ಎಂದರು. ಅದರಂತೆ ಬುಧವಾರ ಮಗಳು ನನ್ನ ಕೂದಲು ಕತ್ತರಿಸಿದರು. ತಂದೆ ಕುರ್ಚಿಯ ಕೈಯನ್ನು ಹಿಡಿದು ಪಕ್ಕದಲ್ಲಿ ನಿಂತು ಮಾತಾಡಿದರು. ಧ್ವನಿಮುದ್ರಕವನ್ನು ಪೌಡರ್ ಡಬ್ಬಿಯ ಪಕ್ಕ ಇಟ್ಟಿದ್ದರಿಂದ ಅವರ ದನಿಯ ಜೊತೆಗೆ ಉದ್ದಕ್ಕೂ ಕತ್ತರಿಯ ಸದ್ದೂ ಕೇಳಿಸುತ್ತದೆ. ಮುಂದಿನ ಭೇಟಿಗಳಲ್ಲಿ ಅವರ ಹೆಂಡತಿ ಮತ್ತು ಅಳಿಯ ಹೇಳಿದ್ದನ್ನೂ ಸೇರಿಸಿಕೊಂಡು ಈ ವೃತ್ತಾಂತವನ್ನು ಜೋಡಿಸಿದ್ದೇನೆ.

ಊರಂಚಿನಲ್ಲಿ ದಿಕ್ಕಿಲ್ಲದ ವೃದ್ಧರ ಆಶ್ರಮವೊಂದಿದೆ. ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಒಂದು ಕ್ರಿಸ್‌ಮಸ್‌ನ ಪ್ರಾರ್ಥನೆ ಮುಗಿಸಿಕೊಂಡು ಕುಟುಂಬ ಮೊದಲ ಬಾರಿ ಅಲ್ಲಿಗೆ ಹೋಯಿತು. ಎಲ್ಲರಂತೆ ಇವರೂ ಕೇಕು, ಹೊದಿಕೆಗಳನ್ನು ಒಯ್ದಿದ್ದರು. ಅಲ್ಲಿ ಆಗಲೇ ಹೊದಿಕೆಗಳ ರಾಶಿ ಬಿದ್ದಿತ್ತು. ಕಿಟಕಿಯ ಪಕ್ಕದ ಮಂಚದಲ್ಲಿದ್ದವರು ನಿವೃತ್ತ ಬಸ್ ಕಂಡಕ್ಟರ್. ಆಶ್ರಮದಲ್ಲಿ ಅವರ ಹೆಸರೇ 'ಕಂಡಕ್ಟರ್' ಆಗಿಹೋಗಿತ್ತು. ಯಾರೋ ಅವಸರದಲ್ಲಿ ಮೆಷಿನ್ ಆಡಿಸಿದ್ದರಿಂದ ಅವರ ತಲೆ ಇಲಿ ಕಡಿದ ಚಾಪೆಯಂತಿತ್ತು.

"ಕಟಿಂಗ್ ಹೇಗಿದೆ ಅಂತ ಕೇಳ್ದೆ. 'ತುಂಬಾ ಚೆನ್ನಾಗಿದೆ ಸ್ವಾಮಿ, ದೇವರು ಒಳ್ಳೇದು ಮಾಡ್ಲಿ' ಅಂದ್ರು. ನನ್ನ ಅಂಗಡೀಲಿ ಯಾವ ಗಿರಾಕಿ ತೆಪ್ಪಗೆ ಎದ್ದು ಹೋಗಿದಾನೆ ಹೇಳಿ? ಹಿಂದೆ ಜಾಸ್ತಿ ತೆಗೆದೆ, ಮುಂದೆ ಕಮ್ಮಿ ತೆಗೆದೆ ಅಂತ ಏನಾದ್ರೂ ಒಂದು ಅಂದೇ ಅಂತಾನೆ. ಬಿಟ್ಟಿ ಸಿಕ್ಕಿದ್ದಕ್ಕೆ ಮಾತ್ರ ಯಾರೂ ತಪ್ಪು ಹೇಳಲ್ಲ."

ಮರುವರ್ಷದ ಕ್ರಿಸ್‌ಮಸ್‌ಗೆ ಅವರು ಕೇಕು ಒಯ್ಯಲಿಲ್ಲ, ಅಂಗಡಿಯನ್ನೇ ಒಯ್ದರು. ಬಿಳಿ ಬಟ್ಟೆ, ಗೋಡೆಯ ಕನ್ನಡಿ, ಕತ್ತಿ, ಪಟಿಕ, ಇವೆಲ್ಲದರ ಜೊತೆಗೆ ಕಬ್ಬಿಣದ ಕುರ್ಚಿ. ಕುರ್ಚಿ ಏಕೆ ಎಂದು ಕೇಳಿದ್ದಕ್ಕೆ ಅವರ ಉತ್ತರ: "ಮಂಚದ ಮೇಲೆ ಕೂತವನು ರೋಗಿ. ಇದರ ಮೇಲೆ ಕೂತವನು ಗಿರಾಕಿ." ಹೆಂಡತಿ ಬಿಸಿನೀರಿನಲ್ಲಿ ಟವೆಲು ಹಿಂಡಿ ಮುಖಗಳನ್ನು ಒರೆಸುವರು, ಮಗಳು ನೊರೆ ಎಬ್ಬಿಸಿ ಹಚ್ಚುವಳು, ಅವರು ಕ್ಷೌರ ಮಾಡುವರು. ಶುಲ್ಕವಿಲ್ಲ, ಆದರೆ ಒಂದು ಕಟ್ಟಳೆಯಿತ್ತು: ಎದ್ದು ಹೋಗುವ ಮುನ್ನ ಕನ್ನಡಿ ನೋಡಿಕೊಂಡು ಒಂದಾದರೂ ತಪ್ಪು ಹೇಳಲೇಬೇಕು.

ಮೊದಲು ಕೂತವರೆಲ್ಲ ಕೈಮುಗಿದು ಎದ್ದು ಹೋದರು. ಕಂಡಕ್ಟರ್ ಮಾತ್ರ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡರು.

"ಯಜಮಾನ್ರೇ, ಈ ಎಡಗಡೆ ಕಿವಿ ಪಕ್ಕದ ಸೈಡ್‌ಲಾಕ್ ಒಂದು ಸ್ಟಾಪ್ ಮುಂದೆ ಹೋಗಿ ಇಳಿದಿದೆಯಲ್ರೀ!"

ಕೋಣೆಯೇ ನಕ್ಕಿತು. ಅಲ್ಲಿಂದ ಮುಂದೆ ಪ್ರತಿ ಕ್ರಿಸ್‌ಮಸ್‌ಗೂ ದೂರುಗಳ ಸುರಿಮಳೆ. ಕಂಡಕ್ಟರ್ ಅಂತೂ ವರ್ಷವಿಡೀ ಕೂಡಿಟ್ಟುಕೊಂಡವರಂತೆ ಬೈಯುತ್ತಿದ್ದರು. ಕ್ಷೌರಿಕರು ಆ ಬೈಗುಳಕ್ಕಾಗಿ ಮತ್ತೆ ಡಿಸೆಂಬರ್ ಬರುವುದನ್ನು ಕಾಯುತ್ತಿದ್ದರು.

ಮನೆಯವರ ಪಾಲಿಗೆ ಇದು ಸುಲಭವಾಗಿರಲಿಲ್ಲ. "ಮದುವೆ ಆದಮೇಲೆ ಹಬ್ಬದೂಟ ಬಿಸಿಬಿಸಿ ತಿಂದಿದ್ದು ಎಷ್ಟು ಸಲ ಅಂತ ಇವರನ್ನೇ ಕೇಳಿ" ಎನ್ನುತ್ತಾರೆ ಹೆಂಡತಿ. ಅಳಿಯನದು ಬೇರೆಯದೇ ಅಳಲು: "ಹಬ್ಬಕ್ಕೆ ಮಾವನ ಮನೆಗೆ ಹೋದ್ರೆ ಎಲ್ಲರಿಗೂ ಕೂರೋಕೆ ಕುರ್ಚಿ ಕೊಡ್ತಾರೆ. ನನಗೆ ಹೊರೋಕೆ ಕೊಟ್ರು."

ಅರವತ್ತು ದಾಟಿದ ಮೇಲೆ ಕ್ಷೌರಿಕರ ಬಲಗೈ ನಡುಗತೊಡಗಿತು. ಅಂಗಡಿಯಲ್ಲಿ ಕತ್ತಿಯ ಕೆಲಸ ಮೆಲ್ಲಗೆ ಮಗಳ ಪಾಲಾಯಿತು. ಆದರೆ ಕ್ರಿಸ್‌ಮಸ್ ದಿನದ ಕತ್ತಿಯನ್ನು ಅವರು ಬಿಟ್ಟುಕೊಡಲಿಲ್ಲ.

"ಈ ಸಲ ನಾನು ಮಾಡ್ತೀನಿ ಅಪ್ಪ, ನೀವು ಪಕ್ಕದಲ್ಲಿ ಕೂತ್ಕೊಂಡು ಹೇಳಿ."

"ವರ್ಷ ಪೂರ್ತಿ ನಿನ್ನದೇ ಅಲ್ವೇನಮ್ಮ? ಅದೊಂದು ದಿನ ನನ್ನದು. ಅದನ್ನೂ ಕಿತ್ಕೋಬೇಡ."

ಮಗಳು ಕತ್ತಿಯನ್ನು ಮಸೆದು ತಂದೆಯ ಕೈಗೇ ಕೊಟ್ಟಳು. ಆ ದಿನ ಹೋದರೆ ತಂದೆಗೆ ಉಳಿಯುವುದೇನೂ ಇಲ್ಲ ಎಂಬುದು ಆಕೆಗೆ ಗೊತ್ತಿತ್ತು.

ಆ ವರ್ಷದ ಕ್ರಿಸ್‌ಮಸ್ ಬೆಳಿಗ್ಗೆ ಮೊದಲು ಕುಳಿತವರು ಕಂಡಕ್ಟರ್. ಬಲಗೆನ್ನೆ ಮುಗಿಯುತ್ತಿದ್ದಂತೆ ಗಲ್ಲದ ಕೆಳಗೆ ಕತ್ತಿ ತಾಗಿತು. ಬಿಳಿ ನೊರೆಯಲ್ಲಿ ಕೆಂಪು ಎಳೆಯೊಂದು ಇಳಿಯಿತು. ಕ್ಷೌರಿಕರು ಪಟಿಕ ಒತ್ತಿ, ರಕ್ತ ನಿಂತ ಮೇಲೆ, ಬೈಸಿಕೊಳ್ಳಲು ಸಿದ್ಧರಾಗಿ ತಾವೇ ಕನ್ನಡಿ ಹಿಡಿದರು. ಕಂಡಕ್ಟರ್ ಕನ್ನಡಿ ನೋಡಲಿಲ್ಲ, ಅದನ್ನು ಹಿಡಿದಿದ್ದ ಕೈಯನ್ನು ನೋಡಿದರು. ಆಮೇಲೆ ಮೆತ್ತಗೆ ಹೇಳಿದರು: "ತುಂಬಾ ಚೆನ್ನಾಗಿದೆ ಸ್ವಾಮಿ. ದೇವರು ಒಳ್ಳೇದು ಮಾಡ್ಲಿ."

ಎಡಗೆನ್ನೆಯ ನೊರೆ ಇನ್ನೂ ಹಾಗೆಯೇ ಇತ್ತು.

ಇದಾದ ಮೇಲಿನ ಕ್ಷಣಗಳ ಬಗ್ಗೆ ಹೇಳಿಕೆಗಳು ಹೊಂದುವುದಿಲ್ಲ. ಕ್ಷೌರಿಕರು ಕಿಟಕಿಯ ಬಳಿ ಹೋಗಿ ನಿಂತರು ಎಂದು ಅಳಿಯ ಹೇಳುತ್ತಾರೆ. ನಿಂತಲ್ಲೇ ಕತ್ತಿಯನ್ನು ತೊಳೆದರು, ತೊಳೆದದ್ದನ್ನೇ ತೊಳೆದರು ಎಂದು ಹೆಂಡತಿ. ಅವರ ಸ್ವಂತ ಮಾತು ಧ್ವನಿಮುದ್ರಣದಲ್ಲಿ ಹೀಗಿದೆ:

"ಅರ್ಧ ಮುಖ ಹಾಗೇ ಇದೆ, ಆಗಲೇ ಚೆನ್ನಾಗಿದೆ ಅಂತಾರೆ. ನಾವು ಮೊದಲನೇ ವರ್ಷ ಹೋದಾಗ ಆಡಿದ ಮಾತೇ ಅದು, ಒಂದಕ್ಷರ ಆಚೀಚೆ ಇಲ್ಲ. ಕತ್ತಿ ತಾಗಿದ ದಿನ ಅವರು ನನಗೆ ದಾನ ಮಾಡ್ತಾ ಇದ್ರು, ಸ್ವಾಮಿ. ಪಾಪ, ಮನಸ್ಸು ಒಳ್ಳೇದೇ. ಆದ್ರೆ ತಗೊಳೋದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯ್ತು."

ಅವರು ಕತ್ತಿಯನ್ನು ಒರೆಸಿ, ಹಿಡಿಯನ್ನು ಮಗಳ ಕಡೆಗೆ ತಿರುಗಿಸಿ ಕೊಟ್ಟರು. "ಬಾ. ಗಿರಾಕಿ ಕಾಯ್ತಾ ಇದಾರೆ."

ಮಗಳು ಹೊಸದಾಗಿ ನೊರೆ ಹಚ್ಚಿ ಎಡಗೆನ್ನೆಯನ್ನು ಮುಗಿಸಿದಳು. ಈ ಬಾರಿ ಕನ್ನಡಿ ಹಿಡಿದವರು ತಾಯಿ. ಕ್ಷೌರಿಕರು ಕುರ್ಚಿಯ ಕೈ ಹಿಡಿದು ನಿಂತಿದ್ದರು. ಕಂಡಕ್ಟರ್ ಮುಖವನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಒಮ್ಮೆ ಅವರ ನೋಟ ಕ್ಷೌರಿಕರ ಮೇಲೆ ನಿಂತಿತು.

"ಏನ್ ತಾಯಿ ಇದು? ಅಪ್ಪನ ಕಾಲದಲ್ಲಿ ಒಂದೇ ಸ್ಟಾಪ್ ಮುಂದೆ ಹೋಗ್ತಿತ್ತು. ನೀನು ಸೀದಾ ಡಿಪೋಗೇ ಕರ್ಕೊಂಡು ಹೋಗಿದೀಯಲ್ಲ!"

"ಸರಿ ಮಾಡು, ಸರಿ ಮಾಡು" ಎಂದು ಕ್ಷೌರಿಕರು ಮಗಳನ್ನು ಗದರಿಸಿದರಂತೆ. ಮುಖ ಮಾತ್ರ ಅತ್ತ ತಿರುಗಿಸಿಕೊಂಡಿದ್ದರು.

ಕೊನೆಯ ಭೇಟಿಯಲ್ಲಿ, ಅವರ ವೃತ್ತಿಜೀವನ ಮುಗಿದ ದಿನವೆಂದು ಯಾವುದನ್ನು ನಮೂದಿಸಲಿ ಎಂದು ಕೇಳಿದೆ. "ನಾನು ಬಿಟ್ಟಿದ್ದು ಯಾಕೆ ಬರೀತೀರಿ? ಅವಳು ಬೈಸ್ಕೊಂಡಿದ್ದು ಬರ್ಕೊಳ್ಳಿ" ಎಂದರು. ಹಾಗಾಗಿ ದಾಖಲೆಯಲ್ಲಿರುವುದು ಇಷ್ಟು: 2017ರ ಡಿಸೆಂಬರ್ 25, ಸೋಮವಾರ. ಮಗಳ ಕೆಲಸದ ಮೇಲೆ ಆಶ್ರಮದಲ್ಲಿ ಮೊದಲ ದೂರು. ಎಡಗಡೆಯ ಸೈಡ್‌ಲಾಕ್ ಉದ್ದವಾಗಿದೆ.