ಅಮ್ಮ ಯಾವ ಕಡೆ ಮುಖ ಮಾಡಿ ಏಳುತ್ತಾಳೆ

ಕೆಡವುವ ಹಳೆ ಮನೆಗಳಿಂದ ಬಾಗಿಲು, ಕಿಟಕಿ, ತೊಲೆ ಕೊಂಡು ತೊಕ್ಕೊಟ್ಟಿನಲ್ಲಿ ಮಾರುವುದು ನನ್ನ ಕಸುಬು. ಯಾರ ಸಹಾಯವೂ ಇಲ್ಲದೆ ಕಟ್ಟಿದ ಅಂಗಡಿ. ಎಷ್ಟೇ ದೊಡ್ಡ ಬಾಗಿಲನ್ನೂ ಎಂಥ ಇಕ್ಕಟ್ಟಿನ ಓಣಿಯಲ್ಲಾದರೂ ತಿರುಗಿಸಿ ಹೊರಗೆ ತರಬಲ್ಲೆ ಎಂಬ ಹೆಮ್ಮೆ ನನಗಿತ್ತು. ಅಮ್ಮನನ್ನು ಮಣ್ಣು ಮಾಡಿದ ದಿನ ಕೆಲಸ ಕೆಡಿಸಿದ್ದು ಆ ಹೆಮ್ಮೆಯೇ.

ನಮ್ಮ ಕ್ರೈಸ್ತ ಸಭೆಯ ಸ್ಮಶಾನದಲ್ಲಿ ಎಲ್ಲರನ್ನೂ ಪಶ್ಚಿಮಕ್ಕೆ ತಲೆ, ಪೂರ್ವಕ್ಕೆ ಕಾಲು ಮಾಡಿ ಮಲಗಿಸುತ್ತಾರೆ. ಸತ್ತವರೆಲ್ಲ ಏಳುವ ಪುನರುತ್ಥಾನದ ದಿನ ಕರ್ತನು ಪೂರ್ವದಿಂದ ಬರುತ್ತಾನೆ, ಎದ್ದು ಕೂತವರಿಗೆ ಸೀದಾ ಅವನ ಮುಖವೇ ಕಾಣಬೇಕು ಎಂಬ ನಂಬಿಕೆ. ಇದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಆ ದಿನ ಮಾತ್ರ ತಲೆಗೆ ಬರಲಿಲ್ಲ. ಜುಲೈ ತಿಂಗಳ ಮಳೆ. ಎರಡು ಹಳೆಯ ಕಲ್ಲಿನ ಗೋರಿಗಳ ನಡುವೆ ಶವಪೆಟ್ಟಿಗೆ ಸಿಕ್ಕಿಕೊಂಡಿತು. ಹೊತ್ತವರ ಕಾಲು ಜಾರುತ್ತಿತ್ತು. ನಾನು ಮುಂದೆ ನುಗ್ಗಿ, "ಹಿಂದೆ ಬನ್ನಿ, ತಿರುಗಿಸಿ, ಈಗ ಎತ್ತಿ" ಎಂದು ಅಂಗಡಿಯಲ್ಲಿ ಕೂಗುವ ಹಾಗೆಯೇ ಕೂಗಿದೆ. ಪೆಟ್ಟಿಗೆ ಸಲೀಸಾಗಿ ಬಂತು, ಸಲೀಸಾಗಿ ಇಳಿಯಿತು. ಒಂದಿಬ್ಬರು ನನ್ನ ಬೆನ್ನು ತಟ್ಟಿದರು.

ಎಂಟು ತಿಂಗಳ ಮೇಲೆ, ಈಸ್ಟರಿಗೆ ಮುಂಚೆ ಗೋರಿಗೆ ಕಲ್ಲು ನಿಲ್ಲಿಸೋಣ ಎಂದು ಕೆತ್ತಿಸಿ ತರಿಸಿದೆ. ಕಲ್ಲು ನಿಲ್ಲಬೇಕಾದದ್ದು ತಲೆಯ ಕಡೆ. ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಅಪ್ಪ ಕೇಳಿದರು:

"ಕಲ್ಲು ಎಲ್ಲಿ ನಿಲ್ಲಿಸ್ತಿ?"

"ಪಶ್ಚಿಮಕ್ಕೆ, ದಾರಿ ಬದಿಯಲ್ಲಿ. ಮತ್ತೆಲ್ಲಿ?"

"ಅಲ್ಲಿ ಅವಳ ಕಾಲುಂಟು."

ಅದು ಹೇಗೆ ಎಂದು ಕೇಳಿದೆ. "ನೀನು ತಿರುಗಿಸಿದ್ದಲ್ವಾ ಮಾರಾಯ," ಎಂದರು ಅಪ್ಪ. "ತಲೆ ಪೂರ್ವಕ್ಕೆ ಹೋಯ್ತು. ನಾನು ಕುರ್ಚಿಯಲ್ಲಿ ಕೂತು ನೋಡ್ತಾ ಇದ್ದೆ."

"ನೋಡಿ ಸುಮ್ನೆ ಕೂತ್ರಾ?"

"ಜನ ಎಲ್ಲ ಮಳೆಗೆ ನಿಂತಿದ್ರು. ನಿನ್ನನ್ನು ಹೊಗಳ್ತಾ ಬೇರೆ ಇದ್ರು. ಎಂತ ಹೇಳುದು?"

ಓದುವವರಿಗೆ ಒಂದು ಮಾತು ಹೇಳುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ. ಸಾವಿನ ದಿನ ಚುರುಕುತನ ತೋರಿಸಬೇಡಿ. ವಯಸ್ಸಾದವರೊಬ್ಬರನ್ನು ಪಕ್ಕದಲ್ಲಿಟ್ಟುಕೊಂಡು, ಹೀಗೆ ಸರಿಯೋ ಎಂದು ಎರಡು ಸಲ ಕೇಳಿ. ಮಳೆಗೆ ಜನ ನೆನೆದರೆ ನೆನೆಯಲಿ.

ಆ ವರ್ಷ ಈಸ್ಟರ್ ಬೆಳಗಿನ ಆರಾಧನೆಗೆ ಬರುವುದಿಲ್ಲ ಎಂದುಬಿಟ್ಟರು ಅಪ್ಪ. ಎಪ್ಪತ್ತು ವರ್ಷ ತಪ್ಪಿಸದ ಮನುಷ್ಯ. ಸ್ಮಶಾನದಲ್ಲಿ ಗೋರಿಗಳಿಗೆ ಸುಣ್ಣ ಹೊಡೆದು, ಹೂ ಇಟ್ಟು, ಮೊಂಬತ್ತಿ ಹಚ್ಚಿ, ಸೂರ್ಯ ಮೂಡುವ ಹೊತ್ತಿಗೆ ಎಲ್ಲರೂ ಪೂರ್ವಕ್ಕೆ ತಿರುಗಿ ನಿಂತು ಹಾಡುವುದು ನಮ್ಮ ಕ್ರಮ. "ಎಲ್ಲರೂ ಕರ್ತನ ಮುಖ ನೋಡ್ತಾ ಏಳ್ತಾರೆ, ಇವಳು ಮಾತ್ರ ಬೆನ್ನು ಹಾಕಿ ಕೂತಿರ್ತಾಳೆ. ಅಲ್ಲಿ ಬಂದು ನಾನೆಂತ ಹಾಡುದು?" ಎಂದರು.

ಗೋರಿ ತೆರೆದು ಸರಿಮಾಡೋಣ ಎಂದು ನಾನು ಸಭಾಪಾಲಕರಲ್ಲಿಗೆ ಓಡಿದೆ. ಅವರು ಒಪ್ಪಲಿಲ್ಲ. "ಭೂಮಿಯನ್ನೇ ಮಾಡಿದವನಿಗೆ ದಿಕ್ಕು ತಪ್ಪುತ್ತದಾ? ನಿಮ್ಮ ತಂದೆಯವರಿಗೆ ಸಮಾಧಾನ ಹೇಳಿ," ಎಂದರು. ಅದನ್ನೇ ಬಂದು ಹೇಳಿದೆ. ಅಪ್ಪ ತಲೆಯಾಡಿಸಿದರು.

"ಅವನಿಗೆ ತಪ್ಪುದಿಲ್ಲ. ಅವಳಿಗೆ ತಪ್ಪುತ್ತದೆ. ಹಂಪನಕಟ್ಟೆಯಲ್ಲಿ ಬಸ್ಸಿಳಿದ್ರೆ ಯಾವ ಕಡೆ ತಿರುಗುದು ಅಂತ ಕೊನೆವರೆಗೂ ಗೊತ್ತಾಗ್ಲಿಲ್ಲ ಅವಳಿಗೆ."

ಎಂಥೆಂಥ ಗಿರಾಕಿಗಳನ್ನು ಒಪ್ಪಿಸಿದವನು ನಾನು. ಎದುರಿಗಿದ್ದವನಿಗೆ ಬೇಕಾದದ್ದೇನು ಎಂದು ತಿಳಿದರೆ ಅರ್ಧ ವ್ಯಾಪಾರ ಮುಗಿದ ಹಾಗೆ. ಅಪ್ಪನಿಗೆ ಬೇಕಾದದ್ದು ನನ್ನ ಕೈಯಲ್ಲಿರಲಿಲ್ಲ. ಪುನರುತ್ಥಾನವೆಂದರೆ ನನಗೆ ವರ್ಷಕ್ಕೊಮ್ಮೆ ಹಾಡಿ, ತಿಂಡಿಗೆ ಮನೆ ಸೇರುವ ವಿಷಯ. ಅವರಿಗೆ ನಾಳೆಯ ಬಸ್ಸಿನಷ್ಟು ಖಂಡಿತ. ನನಗೆ ಸಿಟ್ಟು ಬಂದದ್ದು ಅದಕ್ಕೇ ಇರಬೇಕು.

ಈಸ್ಟರ್ ಬೆಳಿಗ್ಗೆ, "ಹಾಡ್ಬೇಡಿ, ಸುಮ್ನೆ ಬನ್ನಿ" ಎಂದು ಗದರಿಸಿಯೇ ಕಾರಿನಲ್ಲಿ ಕೂರಿಸಿದೆ. ಕೋಲೂರಿಕೊಂಡು ಬಂದವರು ಅಮ್ಮನ ಕಾಲ ಬಳಿಯ ದಾರಿಯಲ್ಲೇ ನಿಂತುಬಿಟ್ಟರು. ಎಲ್ಲರಂತೆ ಪೂರ್ವಕ್ಕೆ ತಿರುಗಿದರು. ಹಾಡು ಶುರುವಾಯಿತು, ಅವರ ಬಾಯಿ ಅಲುಗಲಿಲ್ಲ. ಎರಡನೆಯ ಹಾಡಿನ ನಡುವೆ ನನ್ನ ತೋಳು ಜಗ್ಗಿದರು.

"ಈಗ ಎದ್ರೆ ಅವಳು ಮೊದಲು ನೋಡುದು ಯಾರನ್ನು?"

ನಾನು ನೋಡಿದೆ. ಪಶ್ಚಿಮಕ್ಕೆ ಮುಖ ಮಾಡಿ ಏಳುವವಳ ಎದುರಿಗೆ ನಿಂತದ್ದು ಅವರೇ. "ನಿಮ್ಮನ್ನು," ಎಂದೆ.

"ಹೌದಲ್ಲ? ಹಾಗಾದ್ರೆ ನನ್ನನ್ನು ಇಲ್ಲೇ ಇಡು. ನನ್ನನ್ನು ಸರಿಯಾಗಿ ಇಡು ಮತ್ತೆ, ತಿರುಗಿಸ್ಬೇಡ. ಕರ್ತ ಬರುದು ನನಗೆ ಕಾಣ್ತದೆ. ಹಿಂದೆ ತಿರುಗಿ ನೋಡು ಅಂತ ಅವಳಿಗೆ ಹೇಳ್ತೇನೆ."

"ಇದು ದಾರಿ ಅಪ್ಪ! ದಾರಿಯಲ್ಲಿ ಯಾರು ಗುಂಡಿ ತೆಗೀಲಿಕ್ಕೆ ಬಿಡ್ತಾರೆ?"

"ಮಾತಾಡು. ನಿನ್ನ ಕೆಲಸವೇ ಅದಲ್ವಾ?" ಎಂದು ಉಳಿದ ಹಾಡನ್ನು ಗಟ್ಟಿಯಾಗಿ ಹಾಡಿದರು.

ಅಂದಿನಿಂದ ಸಭೆಯ ಸಮಿತಿಯೆದುರು ನಾಲ್ಕು ಸಲ ನಿಂತಿದ್ದೇನೆ. ದಾರಿಯನ್ನು ಸ್ವಲ್ಪ ಬಳಸಿ ಹಾಕಿಸಿಕೊಡುತ್ತೇನೆ, ಹಾಸಲು ಹಳೆ ಕಲ್ಲು ನನ್ನ ಅಂಗಡಿಯದೇ ಎಂದೆ. ಅವರು ಗೋಡೆ ಬದಿಯಲ್ಲಿ ಮರದ ನೆರಳಿರುವ ಜಾಗ ಕೊಡುತ್ತೇವೆ ಎಂದರು. ಯಾವ ರೀತಿಯಲ್ಲಿ ನೋಡಿದರೂ ಒಳ್ಳೆಯ ಜಾಗ. ಬೇರೆ ಯಾವ ವ್ಯವಹಾರವಾಗಿದ್ದರೂ ಕೂಡಲೇ ಕೈ ಕುಲುಕುತ್ತಿದ್ದೆ. ಬೇಡ ಎಂದೆ. ಕಳೆದ ಸಲ ಸಮಿತಿಯವರೊಬ್ಬರು, "ಎದ್ದ ಮೇಲೆ ಕುತ್ತಿಗೆ ತಿರುಗಿಸ್ಲಿಕ್ಕೆ ಬರುದಿಲ್ವಾ ನಿಮ್ಮ ಅಮ್ಮನಿಗೆ?" ಎಂದಾಗ ಎಲ್ಲರೂ ನಕ್ಕರು.

"ಬರ್ತದೆ. ತಿರುಗು ಅಂತ ಹೇಳ್ಲಿಕ್ಕೆ ಒಂದು ಜನ ಬೇಕು. ಅದಕ್ಕೇ ಜಾಗ ಕೇಳುದು," ಎಂದು ಮೇಜು ಗುದ್ದಿದೆ. ನಗು ನಿಂತಿತು. ಹೊರಗೆ ಬಂದು ಸ್ಕೂಟರ್ ಏರಿದ ಮೇಲೆ ಹೊಳೆಯಿತು, ಅದು ವ್ಯಾಪಾರದ ಮಾತಾಗಿರಲಿಲ್ಲ. ಅಮ್ಮ ಏಳುತ್ತಾಳೆ ಎಂದೇ ನಾನು ಜಗಳವಾಡಿದ್ದೆ.

ಒಪ್ಪಿಗೆ ಇನ್ನೂ ಸಿಕ್ಕಿಲ್ಲ. ಅಪ್ಪನ ಊಟ ದಿನೇ ದಿನೇ ಕಡಿಮೆಯಾಗುತ್ತಿದೆ. "ಜಾಗ ಸಿಕ್ಕುವವರೆಗೆ ನೀವು ಸಾಯ್ಲಿಕ್ಕಿಲ್ಲ, ಗೊತ್ತಾಯ್ತಾ?" ಎಂದು ನಿನ್ನೆ ರೇಗಿದೆ.

"ಆಯ್ತು," ಎಂದು ಗಂಜಿಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು.